ಬರೆಸುವವರೋ, ಕೇಳಿಸಿಕೊಳ್ಳುವವರೋ?

ಪ್ರಶ್ನೆ: ನಾನು ಧಾರವಾಡದವಳು, ಮದುವೆಯಾಗಿ ಮುಂಬೈ ಬಳಿಯ ಡೊಂಬಿವಿಲಿಗೆ ಬಂದು ಹತ್ತು ವರ್ಷವಾಯಿತು. ಕೆಲಸ ಮುಂಬೈಯ ಫೋರ್ಟ್‌ನಲ್ಲಿ. ಕಳೆದ ಮಳೆಗಾಲದಲ್ಲಿ ಮುಂಬ್ರಾ ಬಳಿ ಲೋಕಲ್ ರೈಲು ಮುಕ್ಕಾಲು ಗಂಟೆ ನಿಂತಾಗ ಎದೆ ಹೊಡೆದುಕೊಂಡು, ಉಸಿರು ಕಟ್ಟಿ, ಸತ್ತೇಹೋಗುತ್ತೇನೆ ಅನ್ನಿಸಿತು. ಇಸಿಜಿ, ರಕ್ತಪರೀಕ್ಷೆ ಎಲ್ಲವೂ ಸರಿಯಾಗಿವೆ. ಆದರೂ ಅಂದಿನಿಂದ ಲೋಕಲ್ ಹತ್ತಲಾಗುತ್ತಿಲ್ಲ. ಮೊದಲು ಕಂಡ ಆಪ್ತಸಮಾಲೋಚಕರು ಎರಡು ತಿಂಗಳು ನನ್ನ ಮಾತು ಕೇಳಿದರು. ತೀರಿಹೋದ ಅಪ್ಪನನ್ನು ನೆನೆದು ಅತ್ತು ಹಗುರಾದೆ, ರೈಲಿನ ಭಯ ಮಾತ್ರ ಹೋಗಲಿಲ್ಲ. ಈಗಿನವರು ಹಾಳೆ ಕೊಟ್ಟು ಹೋಂವರ್ಕ್ ಬರೆಸುತ್ತಾರೆ. ಯಾರ ದಾರಿ ಸರಿ?
(ಡೊಂಬಿವಿಲಿಯ ಓದುಗರು)

ಉತ್ತರ: ನಿಮಗಿರುವುದು ಎರಡು ಬೇರೆ ಸಂಕಟಗಳು, ಇಬ್ಬರೂ ಒಂದೊಂದನ್ನು ಕೈಗೆತ್ತಿಕೊಂಡಿದ್ದಾರೆ. ಮೊದಲಿನವರದು ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ರೂಪಿಸಿದ ವ್ಯಕ್ತಿಕೇಂದ್ರಿತ ಪದ್ಧತಿ ಇರಬೇಕು. ಎದುರಿಗಿರುವವರ ನೋವನ್ನು ಅವರ ಜಾಗದಲ್ಲಿ ನಿಂತು ಅರಿಯುವುದು, ತೀರ್ಪು ಕೊಡದೆ ಸ್ವೀಕರಿಸುವುದು, ಒಳಗೊಂದು ಹೊರಗೊಂದು ಇಲ್ಲದೆ ಇರುವುದು, ಈ ಮೂರು ಸಿಕ್ಕರೆ ಮನಸ್ಸು ತಾನಾಗಿಯೇ ಬದಲಾಗುತ್ತದೆ ಎಂದು ರೋಜರ್ಸ್ 1957ರಲ್ಲಿ ವಾದಿಸಿದರು. ಅಪ್ಪನ ಅಗಲಿಕೆಗೆ ಅದು ಒದಗಿಬಂದಿದೆ. ಅದನ್ನು ವ್ಯರ್ಥವೆಂದು ಎಣಿಸಬೇಡಿ. ಇನ್ನೊಂದು ದಾರಿಯೂ ಇದೆ: ಬಾಲ್ಯವನ್ನು ಕೆದಕುವುದು; ಅದು ಫ್ರಾಯ್ಡ್ ಪರಂಪರೆಯ ಮನೋವಿಶ್ಲೇಷಣೆಗೆ ಸೇರಿದ್ದು. ಅದಕ್ಕೆ ವರ್ಷಗಟ್ಟಲೆ ಸಮಯ ಬೇಕು. ದಿನಾ ಫೋರ್ಟ್‌ಗೆ ಹೋಗಬೇಕಾದ ನಿಮಗೆ ನಾನು ಅದನ್ನು ಮೊದಲಿಗೆ ಸೂಚಿಸುವುದಿಲ್ಲ.

ಈಗಿನವರು ಅನುಸರಿಸುತ್ತಿರುವುದು ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಬೆಳೆಸಿದ ಅರಿವು-ವರ್ತನೆ ಚಿಕಿತ್ಸೆ, ಅಂದರೆ ಸಿಬಿಟಿ. ಎದೆಬಡಿತ ಜೋರಾಯಿತು, ಅದನ್ನು ಮನಸ್ಸು ಹೃದಯಾಘಾತವೆಂದು ಓದಿಕೊಂಡಿತು, ಆ ಓದಿಗೆ ಹೆದರಿ ಬಡಿತ ಇನ್ನೂ ಏರಿತು. ಪ್ಯಾನಿಕ್, ಅಂದರೆ ಹಠಾತ್ತಾಗಿ ಎರಗುವ ಭಯ, ಹುಟ್ಟುವುದೇ ಈ ಸುಳಿಯಿಂದ. ಹಾಳೆಯಲ್ಲಿ ಬರೆಸುವುದು ಆ ಓದನ್ನು ಹಿಡಿಯಲಿಕ್ಕೆ. ಒಂದು ಮಾತು: ಅದನ್ನು ನಿಮ್ಮ ಮನೆಮಾತಿನಲ್ಲೇ ಬರೆಯಿರಿ. 'ಇನ್ನ ನನ್ನ ಕಥಿ ಮುಗೀತು' ಎಂದು ಒಳಗೆ ಎದ್ದ ಮಾತನ್ನು ಮರಾಠಿಗೋ ಇಂಗ್ಲಿಷಿಗೋ ತಿರುಗಿಸಿ ಬರೆದರೆ ಅದರ ಬಿಸಿಯೇ ಆರಿಹೋಗುತ್ತದೆ. ಪಕ್ಕದ ಅಂಕಣದಲ್ಲಿ ಅದಕ್ಕೆ ಪುರಾವೆ ಏನು, ಹಿಂದೆ ಹೀಗಾದಾಗ ನಿಜವಾಗಿ ಏನಾಯಿತು ಎಂದು ಬರೆಯಬೇಕು.

ಆದರೆ ಹಾಳೆಯಿಂದಲೇ ಭಯ ಹೋಗದು. ಮುಖ್ಯವಾದದ್ದು ಎದುರಿಸುವಿಕೆ, ಅದನ್ನು ಚಿಕಿತ್ಸಕರೊಡನೆ ಮೆಟ್ಟಿಲು ಮೆಟ್ಟಿಲಾಗಿ ಯೋಜಿಸಬೇಕು. ಮೊದಲು ಟಿಕೆಟ್ ತೆಗೆದುಕೊಂಡು ಪ್ಲಾಟ್‌ಫಾರ್ಮಿನಲ್ಲಿ ಅರ್ಧ ಗಂಟೆ ಕುಳಿತು ಬನ್ನಿ. ಆಮೇಲೆ ಭಾನುವಾರ ಮಧ್ಯಾಹ್ನ ಸ್ಲೋ ಲೋಕಲ್‌ನಲ್ಲಿ ಕೋಪರ್‌ವರೆಗೆ, ಮುಂದಿನ ಸಲ ದಿವಾವರೆಗೆ, ಬಳಿಕ ಮುಂಬ್ರಾ ದಾಟಿ ಠಾಣೆಗೆ. ಭಯ ಏರಿದಾಗ ನಡುವಿನ ಸ್ಟೇಷನ್ನಿನಲ್ಲಿ ಇಳಿದುಬಿಟ್ಟರೆ 'ಇಳಿದದ್ದಕ್ಕೇ ಬದುಕಿದೆ' ಎಂಬ ತಪ್ಪು ಪಾಠ ಉಳಿಯುತ್ತದೆ. ಕುಳಿತೇ ಇದ್ದರೆ ಭಯ ತಾನಾಗಿ ಇಳಿಯುವುದನ್ನು ನೀವೇ ಕಾಣುತ್ತೀರಿ. ಬಾಗಿಲ ಬಳಿಯೇ ನಿಲ್ಲುವುದು, ನೀರಿನ ಬಾಟಲಿ ಹಿಡಿದೇ ಇರುವುದು, ಯಜಮಾನರಿಗೆ ಫೋನ್ ಹಚ್ಚಿಕೊಂಡೇ ಕೂರುವುದು, ಇಂಥ ಊರುಗೋಲುಗಳನ್ನೂ ಒಂದೊಂದಾಗಿ ಬಿಡಬೇಕು. (ಬೆಳಗಿನ ಫಾಸ್ಟ್ ಲೋಕಲ್‌ನಲ್ಲಿ ಉಸಿರುಗಟ್ಟಿದಂತಾಗುವುದು ಕಾಯಿಲೆಯಲ್ಲ, ಅದು ನಮಗೆಲ್ಲರಿಗೂ ಆಗುತ್ತದೆ.) ಈಗಿನವರು ಹಾಳೆಯ ಆಚೆಗೆ ಹೋಗಿಲ್ಲವಾದರೆ 'ಎದುರಿಸುವ ಅಭ್ಯಾಸ ಯಾವಾಗ?' ಎಂದು ಸಂಕೋಚವಿಲ್ಲದೆ ಕೇಳಿ. ಕನ್ನಡದಲ್ಲೇ ಯಾರೊಡನಾದರೂ ಮಾತಾಡಬೇಕೆನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ.

ಪ್ರಶ್ನೆ: ಮಗನ ಕುಡಿತ ಬಿಡಿಸಲು ಸಮಾಲೋಚಕರ ಬಳಿ ಕರೆದೊಯ್ದರೆ, 'ಕುಡಿಯಬೇಡ' ಎಂದು ಅವರು ಒಮ್ಮೆಯೂ ಹೇಳಲಿಲ್ಲ. 'ಕುಡಿತದಲ್ಲಿ ನಿನಗೇನು ಹಿತ?' ಎಂದು ಕೇಳುತ್ತಾರೆ! ಇದೆಂಥ ಚಿಕಿತ್ಸೆ?
(ಪುಣೆಯ ಹಡಪ್‌ಸರದಿಂದ ಒಬ್ಬ ತಂದೆ)

ಉತ್ತರ: ಇದು ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ 1983ರಲ್ಲಿ ಮಂಡಿಸಿದ, ಪ್ರೇರಣೆಯನ್ನು ಒಳಗಿನಿಂದಲೇ ಎಬ್ಬಿಸುವ ಸಂವಾದ ಪದ್ಧತಿ. ಬಿಡು ಎಂದಷ್ಟೂ ಕುಡಿಯುವವನು ಕುಡಿತದ ಪರ ವಾದಿಸುತ್ತಾನೆಂಬುದು ನಿಮಗೇ ಗೊತ್ತು. ಹಿತವನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡವನು ತುಸು ಹೊತ್ತಿಗೆ ನಷ್ಟದ ಮಾತನ್ನೂ ತಾನೇ ಎತ್ತುತ್ತಾನೆ. ಸಮಾಲೋಚಕರು ಕಾಯುವುದು ಆ ವಾಕ್ಯಕ್ಕಾಗಿ. ಬೆಳಗ್ಗೆ ಕೈ ನಡುಗುವಷ್ಟು ಕುಡಿತವಿದ್ದರೆ ಮಾತ್ರ ಒಮ್ಮೆಲೇ ಬಿಡಿಸಬೇಡಿ, ಅದು ಪ್ರಾಣಕ್ಕೇ ಅಪಾಯ; ಮೊದಲು ಮನೋವೈದ್ಯರಿಗೆ ತೋರಿಸಿ. ನಿಮ್ಮ ಊರಿನಲ್ಲೇ 1986ರಿಂದ ನಡೆಯುತ್ತಿರುವ ಮುಕ್ತಾಂಗಣ ವ್ಯಸನಮುಕ್ತಿ ಕೇಂದ್ರವಿದೆ.