ಬಲಗಣ್ಣಿಗೆ ಮಾತ್ರ ಮಸುಕು: ಡಯಾಪ್ಟರ್ ಸರಿಮಾಡಿ

ಲಾಲ್‌ಬಾಗ್‌ನಲ್ಲಿ ಬೆಳಿಗ್ಗೆ 10x50 ಬೈನಾಕ್ಯುಲರ್‌ನಲ್ಲಿ ಬಲಗಣ್ಣಿಗೆ ಮಾತ್ರ ಮಸುಕು, ಎಲೆಗಳ ನಡುವಿನ ಹಕ್ಕಿಯೂ ಸಿಗುವುದಿಲ್ಲ ಅಂದಿದ್ದೀರಿ. ಮಸುಕು ಬಹುಶಃ ಮಂಜಲ್ಲ, ಡಯಾಪ್ಟರ್ (ಒಂದು ಕಣ್ಣಿನ ಫೋಕಸ್ ಬೇರೆಯಾಗಿ ಹೊಂದಿಸುವ ಉಂಗುರ) ಜರುಗಿದೆ. ಸಾಮಾನ್ಯವಾಗಿ ಬಲ ಐಪೀಸ್‌ನ (ಕಣ್ಣಿಡುವ ಕಡೆಯ ಲೆನ್ಸಿನ) ಬುಡದಲ್ಲಿ + − ಗುರುತಿನ ಈ ಉಂಗುರ ಇರುತ್ತದೆ. ಬ್ಯಾಗಿನಲ್ಲಿ ಉಜ್ಜಿ ತಿರುಗಿಬಿಡುತ್ತದೆ.

ಮೊದಲು ಒಳಗೆ ಕಾಣುವ ಎರಡು ವೃತ್ತ ಸೇರಿ ಒಂದಾಗುವವರೆಗೆ ಕೊಳವೆಗಳನ್ನು ಹತ್ತಿರ-ದೂರ ಮಾಡಿ. ಕನ್ನಡಕ ಇದ್ದರೆ ಐಕಪ್ (ಕಣ್ಣಿಗೆ ತಾಗುವ ಅಂಚು) ಒಳಕ್ಕೆ, ಇಲ್ಲದಿದ್ದರೆ ಹೊರಕ್ಕೆ. ಆಮೇಲೆ 25–30 ಮೀಟರ್ ದೂರದ ಮರದ ಹೆಸರುಫಲಕ ನೋಡಿ. ಬಲಗಡೆಯ ಮುಂದಿನ ಲೆನ್ಸನ್ನು ಅಂಗೈಯಿಂದ ಮರೆಮಾಡಿ, ನಡುವಿನ ಚಕ್ರದಿಂದ ಎಡಗಣ್ಣಿಗೆ ಅಕ್ಷರ ಸ್ಪಷ್ಟ ಮಾಡಿಕೊಳ್ಳಿ. ಈಗ ಎಡಗಡೆಯದನ್ನು ಮರೆಮಾಡಿ, ಚಕ್ರ ಮುಟ್ಟದೆ, ಬಲಗಣ್ಣಿಗೂ ಅಕ್ಷರ ಸ್ಪಷ್ಟವಾಗುವವರೆಗೆ ಉಂಗುರ ಮಾತ್ರ ತಿರುಗಿಸಿ. ಎರಡೂ ಕಣ್ಣು ತೆರೆದೇ ಇರಲಿ. ಒಂದನ್ನು ಮುಚ್ಚಿದರೆ ಇನ್ನೊಂದೂ ಕಿರಿದಾಗಿ ಅಳತೆ ತಪ್ಪುತ್ತದೆ. ಉಂಗುರ ನಿಂತ ಜಾಗಕ್ಕೆ ಪೆನ್ನಿನಲ್ಲಿ ಗೆರೆ ಹಾಕಿಡಿ.

ಪರೀಕ್ಷೆಗೆ ಕೆರೆಯ ನೀರುಕಾಗೆ ಒಳ್ಳೆಯದು. ರೆಕ್ಕೆ ಬಿಚ್ಚಿ ಒಣಗಿಸುತ್ತಾ ಅಲ್ಲಾಡದೆ ಕೂತಿರುತ್ತದೆ. ಸೂರ್ಯ ನಿಮ್ಮ ಬೆನ್ನಿಗಿದ್ದು, ಗರಿಗಳ ಅಂಚು ಒಂದೊಂದಾಗಿ ಬಿಡಿಸಿ ಕಂಡರೆ ಸರಿಯಾಯಿತು.

ಎಲೆಗಳ ನಡುವೆ ಹಕ್ಕಿ ಸಿಗದಿರುವುದು ಬೇರೆ ಕಾರಣಕ್ಕೆ: 10x ನಲ್ಲಿ, ಅಂದರೆ ಹತ್ತು ಪಟ್ಟು ದೊಡ್ಡದಾಗಿ ಕಾಣುವಾಗ, ನೋಟದ ಹರವು ಕಡಿಮೆ. ಹಕ್ಕಿಯಿಂದ ದೃಷ್ಟಿ ತೆಗೆಯದೆ ಬೈನಾಕ್ಯುಲರನ್ನೇ ಕಣ್ಣಿಗೆ ತನ್ನಿ. ಚಳಿಗಾಲದಲ್ಲಿ ಬರುವ ಪುಟ್ಟ ಹಸಿರು ಉಲಿಯಕ್ಕಿಯನ್ನು (ಗ್ರೀನಿಶ್ ವಾರ್ಬ್ಲರ್) ‘ಚಿಸ್ವೀ’ ಎಂಬ ಕೂಗಿನಿಂದ ಮೊದಲು ಬರಿಗಣ್ಣಿಗೆ ಹುಡುಕಿಕೊಳ್ಳಿ.

ಲೆನ್ಸಿನ ಒಳಗಿನ ಮಬ್ಬು ಹೋಗದಿದ್ದರೆ ಅಥವಾ ಒಂದು ಹಕ್ಕಿ ಎರಡಾಗಿ ಕಂಡರೆ ಉಂಗುರದಿಂದ ಆಗದು. ಎರಡಾಗಿ ಕಾಣುತ್ತಿದ್ದರೆ ಒಳಗಿನ ಪ್ರಿಸಂ (ಬೆಳಕನ್ನು ತಿರುಗಿಸುವ ಗಾಜಿನ ತುಂಡು) ಜರುಗಿರಬಹುದು. ಸ್ಕ್ರೂ ಬಿಚ್ಚಬೇಡಿ, ರಿಪೇರಿಗೆ ಕೊಡಿ.