ರಗ್ಬಿ ಲೀಗ್‌ನ (ಇದು ರಗ್ಬಿಯ ಒಂದು ಬಗೆ) ವಿಂಗರ್ ಒಬ್ಬ ಓಟದಲ್ಲೂ ನಿಜವಾಗಿ ದೊಡ್ಡ ಮಟ್ಟಕ್ಕೆ ಹೋಗಿದ್ದಾನಾ?

ಹೋಗಿದ್ದಾನೆ. ನನ್ನ ಆಯ್ಕೆ ಆಸ್ಟ್ರೇಲಿಯಾದ ಮೈಕೆಲ್ ಕ್ಲಿಯರಿ.

ಹದಿಮೂರು ಜನರ ಲೀಗ್ ತಂಡದಲ್ಲಿ ವಿಂಗರ್ ನಿಲ್ಲೋದು ಅಂಚಿನ ಗೆರೆ ಪಕ್ಕದಲ್ಲೇ. ಚೆಂಡು ಕೈ ಬದಲಾಯಿಸುತ್ತಾ ಅವನ ಹತ್ತಿರ ಬರುವಷ್ಟರಲ್ಲಿ ಎದುರಾಳಿಗಳೂ ಆ ಕಡೆಗೆ ಜಾರಿರುತ್ತಾರೆ, ಉಳಿಯೋದು ಎರಡು ಮೂರು ಗಜ ಜಾಗ, ಗೆರೆ ಮೇಲೆ ಕಾಲಿಟ್ಟರೆ ಕಥೆ ಮುಗೀತು. ಮೊದಲ ಐದಾರು ಹೆಜ್ಜೆಯಲ್ಲೇ ವೇಗ ಸಿಗಬೇಕು. ಓಟಗಾರನಿಗೆ ಹೇಳಿ ಮಾಡಿಸಿದ ಜಾಗ ಅಲ್ವಾ?

ಕ್ಲಿಯರಿ 1961ರಲ್ಲಿ ರಗ್ಬಿಯ ಇನ್ನೊಂದು ಬಗೆಯಾದ ರಗ್ಬಿ ಯೂನಿಯನ್‌ನಲ್ಲಿ ಆಸ್ಟ್ರೇಲಿಯಾ ಪರ ಟೆಸ್ಟ್, ಅಂದ್ರೆ ಅಂತಾರಾಷ್ಟ್ರೀಯ ಪಂದ್ಯ, ಆಡಿದ. ಮರುವರ್ಷ ಲೀಗ್‌ಗೆ, ಸೌತ್ ಸಿಡ್ನಿ ತಂಡಕ್ಕೆ ಬಂದ. ಆಗ ಯೂನಿಯನ್‌ನಲ್ಲಿ ಸಂಬಳ ಇಲ್ಲ, ಲೀಗ್‌ನಲ್ಲಿ ಇತ್ತು. ಒಮ್ಮೆ ಲೀಗ್‌ಗೆ ಹೋದವನಿಗೆ ಯೂನಿಯನ್ ಬಾಗಿಲು ಮುಚ್ಚಿದ ಹಾಗೇ, ಹಾಗಾಗಿ ಇದು ಸಣ್ಣ ತೀರ್ಮಾನ ಅಲ್ಲ. ಅದೇ 1962ರಲ್ಲಿ ಪರ್ತ್ ಕಾಮನ್‌ವೆಲ್ತ್ ಕ್ರೀಡಾಕೂಟದ 100 ಗಜ ಓಟದಲ್ಲಿ ಕಂಚು ಗೆದ್ದ! (ಚಿನ್ನ ಗೆದ್ದವನು ಕೀನ್ಯಾದ ಸೆರಾಫಿನೋ ಆಂಟಾವೊ, ಮೂಲತಃ ಗೋವಾದ ಮನೆತನ. ನಮ್ಮಲ್ಲಿ ಅವನ ಹೆಸರು ಕೇಳಿದವರೇ ಕಡಿಮೆ.)

ಲೀಗ್‌ನಲ್ಲೂ ದೇಶದ ಪರ ಆಡಿದ ಕ್ಲಿಯರಿ, 1967 ಮತ್ತು 1968ರಲ್ಲಿ ಸೌತ್ ಸಿಡ್ನಿ ಪ್ರಶಸ್ತಿ ಗೆದ್ದಾಗ ತಂಡದಲ್ಲಿದ್ದ. ಮೂರು ಆಟಗಳಲ್ಲಿ ದೇಶದ ಪರ ಇಳಿಯೋದು ಸುಮ್ನೆ ಮಾತಲ್ಲ. ಆಮೇಲೆ ರಾಜಕೀಯಕ್ಕೆ ಬಂದು ನ್ಯೂ ಸೌತ್ ವೇಲ್ಸ್ ರಾಜ್ಯದ ಕ್ರೀಡಾ ಸಚಿವನೂ ಆದ.