ಗಾಣದ ಎಣ್ಣೆ ವೆಬ್‌ಸೈಟ್ ಗೂಗಲ್‌ನಲ್ಲಿ ಬರ್ತಾನೇ ಇಲ್ಲ, ಎಸ್‌ಇಒ ನಾವೇ ಮಾಡ್ಕೋಬಹುದಾ ಇಲ್ಲ ಏಜೆನ್ಸಿಗೆ ಕೊಡ್ಲೇಬೇಕಾ?

ಎಸ್‌ಇಒ ಅಂದ್ರೆ ಗೂಗಲ್ ಹುಡುಕಾಟದಲ್ಲಿ ಸೈಟ್ ಮೇಲೆ ಬರೋ ಹಾಗೆ ಮಾಡೋ ಕೆಲಸ, ಅದನ್ನ ನೀವೇ ಮಾಡ್ಕೋಬಹುದು. ತಿಪಟೂರಲ್ಲಿ ಮರದ ಗಾಣ ಇದೆ, ಅಣ್ಣನ ಮಗ ವರ್ಡ್‌ಪ್ರೆಸ್‌ನಲ್ಲಿ ಸೈಟ್ ಮಾಡ್ಕೊಟ್ಟಿದಾನೆ, ಅಂಗಡಿ ಹೆಸರು ಹಾಕಿ ಹುಡುಕಿದ್ರೂ ಬರಲ್ಲ, ಏಜೆನ್ಸಿಯವ್ರು ತಿಂಗಳಿಗೆ 15 ಸಾವಿರ ಕೇಳ್ತಿದಾರೆ, ಮೂರು ತಿಂಗಳಲ್ಲಿ ಫಸ್ಟ್ ಪೇಜ್ ಗ್ಯಾರಂಟಿ ಅಂತಿದಾರೆ ಅಂತ ಬರ್ದಿದೀರಲ್ಲ, ಗ್ಯಾರಂಟಿ ಅಂದವರ ಫೋನ್ ಅಲ್ಲೇ ಇಟ್ಬಿಡಿ. ಮೊದಲನೇ ಸ್ಥಾನ ಯಾರೂ ಗ್ಯಾರಂಟಿ ಕೊಡಕ್ಕಾಗಲ್ಲ ಅಂತ ಗೂಗಲ್‌ನವ್ರೇ ತಮ್ಮ ಸಹಾಯ ಪುಟದಲ್ಲಿ ಬರ್ದಿದಾರೆ, ಕೆಲಸ ಶುರು ಮಾಡಿ ಅದರ ಫಲ ಕಾಣಕ್ಕೆ ಸಾಮಾನ್ಯವಾಗಿ 4 ತಿಂಗಳಿಂದ 1 ವರ್ಷ ಹಿಡಿಯುತ್ತೆ ಅಂತಾನೂ ಅಲ್ಲೇ ಇದೆ.

ನಾನೇನು ಎಸ್‌ಇಒ ಕಂಪನಿಯವನಲ್ಲ. ದಾವಣಗೆರೆಯಲ್ಲಿ ನಮ್ಮಣ್ಣಂದು ಬೋರ್‌ವೆಲ್ ಮೋಟರ್ ರಿವೈಂಡಿಂಗ್ ಅಂಗಡಿ, ಅದರ ಸೈಟ್ ನಾನೇ ನೋಡ್ಕೋತೀನಿ, ಪರಿಚಯದ ಇನ್ನೊಂದೆರಡು ಅಂಗಡಿಯವರದ್ದಕ್ಕೂ ಕೈ ಹಾಕಿದೀನಿ. ಸಣ್ಣ ಅಂಗಡಿ ಸೈಟ್‌ಗೆ ಬೇಕಾಗಿರೋದು ದೊಡ್ಡ ಟೆಕ್ನಿಕ್ ಅಲ್ಲ, ಅಡ್ಡ ಇರೋದನ್ನ ತೆಗೆಯೋದು, ಆಮೇಲೆ ಗಿರಾಕಿಗಳು ಫೋನಲ್ಲಿ ಏನು ಕೇಳ್ತಾರೋ ಅದಕ್ಕೆ ಉತ್ತರ ಸೈಟಲ್ಲಿ ಬರೆಯೋದು. ಇದನ್ನ ನಿಮಗಿಂತ ಚೆನ್ನಾಗಿ ಯಾವ ಏಜೆನ್ಸಿ ಹುಡುಗನೂ ಬರೆಯಕ್ಕಾಗಲ್ಲ, ಅವನು ಗಾಣ ನೋಡಿರ್ತಾನೋ ಇಲ್ವೋ.

ನಿಮ್ಮ ಕೇಸಲ್ಲಿ ಅಂಗಡಿ ಹೆಸರಿಗೇ ಬರ್ತಿಲ್ಲ ಅಂದ್ರೆ ಅದು ರ‍್ಯಾಂಕಿಂಗ್ ಸಮಸ್ಯೆ ಅಲ್ಲ, ಹೆಚ್ಚಾಗಿ ಗೂಗಲ್ ಹತ್ರ ನಿಮ್ಮ ಸೈಟೇ ಇಲ್ಲ. ಚೆಕ್ ಮಾಡೋದು ಹೀಗೆ, ಗೂಗಲ್ ಸರ್ಚಲ್ಲಿ ಇಂಗ್ಲಿಷಲ್ಲಿ ಸೈಟ್ ಅಂತ ಟೈಪ್ ಮಾಡಿ ಕೋಲನ್ ಹಾಕಿ, ಜಾಗ ಬಿಡದೆ ನಿಮ್ಮ ಡೊಮೈನ್ ಹೆಸರು, ಅಂದ್ರೆ ಸೈಟಿನ ವಿಳಾಸ ಹಾಕಿ. ಒಂದು ಪುಟನೂ ಬರ್ಲಿಲ್ಲ ಅಂದ್ರೆ ವರ್ಡ್‌ಪ್ರೆಸ್ ಒಳಗೆ ಸೆಟ್ಟಿಂಗ್ಸ್, ಅದರಲ್ಲಿ ರೀಡಿಂಗ್, ಅಲ್ಲಿ ಕೆಳಗಡೆ ಸರ್ಚ್ ಇಂಜಿನ್‌ಗಳನ್ನ ಡಿಸ್ಕರೇಜ್ ಮಾಡು ಅನ್ನೋ ಒಂದು ಟಿಕ್ ಬಾಕ್ಸ್ ಇರುತ್ತೆ. ಸೈಟ್ ಕಟ್ಟೋವಾಗ ಅರ್ಧಂಬರ್ಧ ಪುಟ ಜನಕ್ಕೆ ಕಾಣ್ಬಾರ್ದು ಅಂತ ಹುಡುಗರು ಅದಕ್ಕೆ ಟಿಕ್ ಹಾಕಿರ್ತಾರೆ, ಕೆಲಸ ಮುಗಿದ್ಮೇಲೆ ತೆಗೆಯೋದು ಮರ್ತೋಗಿರುತ್ತೆ. ಆ ಟಿಕ್ ಇದ್ರೆ ಪ್ರತಿ ಪುಟದ ತಲೆಯಲ್ಲೂ ನೋಇಂಡೆಕ್ಸ್ ಅಂತ ಕೂತಿರುತ್ತೆ, ಅಂದ್ರೆ ನಮ್ಮನ್ನ ಪಟ್ಟಿಗೆ ಸೇರಿಸ್ಬೇಡಿ ಅಂತ ನಾವೇ ಕೇಳ್ಕೊಂಡ ಹಾಗೆ. ತೆಗೆದು ಸೇವ್ ಮಾಡಿ. ನನ್ನ ಅಂದಾಜಲ್ಲಿ ನಿಮ್ಮ ತಲೆನೋವು ಅಲ್ಲೇ ಇದೆ, ಇದಕ್ಕೆ 15 ಸಾವಿರ ಕೊಟ್ಟಿದ್ರೆ ಅವ್ರು ಆ ಟಿಕ್ ತೆಗೆದು ನೋಡಿ ಬಂತಲ್ಲ ಅಂತಿದ್ರು.

ಆಮೇಲೆ ಗೂಗಲ್ ಸರ್ಚ್ ಕನ್ಸೋಲ್‌ಗೆ ಸೈಟ್ ಸೇರಿಸಿ, ನಿಮ್ಮ ಸೈಟ್ ಹುಡುಕಾಟದಲ್ಲಿ ಹೇಗೆ ಕಾಣ್ತಿದೆ ಅಂತ ತೋರ್ಸೋ ಗೂಗಲ್‌ದೇ ಸೇವೆ ಅದು. ಫ್ರೀ. 2015ರ ತನಕ ವೆಬ್‌ಮಾಸ್ಟರ್ ಟೂಲ್ಸ್ ಅಂತಿದ್ರು, ಹಳೇ ಯೂಟ್ಯೂಬ್ ವಿಡಿಯೋಗಳಲ್ಲಿ ಆ ಹೆಸರು ಕಂಡ್ರೆ ಗಾಬರಿ ಬೇಡ. ಡೊಮೈನ್ ನಿಮ್ದೇ ಅಂತ ತೋರ್ಸಕ್ಕೆ ಟಿಎಕ್ಸ್‌ಟಿ ರೆಕಾರ್ಡ್ ಅಂತ ಒಂದು ಸಾಲಿನ ಕೋಡ್ ಕೊಡ್ತಾರೆ, ಡೊಮೈನ್ ತಗೊಂಡ ಕಡೆ ಡಿಎನ್‌ಎಸ್ ಸೆಟ್ಟಿಂಗಲ್ಲಿ ಅದನ್ನ ಪೇಸ್ಟ್ ಮಾಡ್ಬೇಕು, ಅಣ್ಣನ ಮಗನಿಗೆ ಹೇಳಿದ್ರೆ ಟೀ ಕುಡಿಯೋಷ್ಟರಲ್ಲಿ ಮಾಡ್ತಾನೆ. ಸೈಟ್‌ಮ್ಯಾಪ್, ಅಂದ್ರೆ ಸೈಟಿನ ಪುಟಗಳ ಪಟ್ಟಿ, ವರ್ಡ್‌ಪ್ರೆಸ್ ತಾನೇ ಮಾಡಿಟ್ಟಿರುತ್ತೆ, 2020ರಲ್ಲಿ ಬಂದ 5.5 ವರ್ಶನ್‌ನಿಂದ ಇದೆ, ಅದರ ವಿಳಾಸ ಕನ್ಸೋಲ್‌ನಲ್ಲಿ ಹಾಕಿ. ಮೇಲುಗಡೆ ಯುಆರ್‌ಎಲ್ ಇನ್‌ಸ್ಪೆಕ್ಷನ್ ಅಂತ ಒಂದು ಜಾಗ ಇರುತ್ತೆ, ಮುಖ್ಯ ಪುಟಗಳ ಲಿಂಕ್ ಒಂದೊಂದೇ ಹಾಕಿ ರಿಕ್ವೆಸ್ಟ್ ಇಂಡೆಕ್ಸಿಂಗ್ ಒತ್ತಿ. ಒಂದೇ ಪುಟಕ್ಕೆ ದಿನಾ ಒತ್ತಿದ್ರೆ ಬೇಗ ಬರಲ್ಲ, ಒಂದ್ಸಲ ಒತ್ತಿ ಬಿಡಿ.

ಇನ್ನೊಂದು ಅಡ್ಡ ಇದೆ, ಇದು ಕನ್ನಡದಂಥ ನಮ್ಮ ಭಾಷೆಗಳ ಸೈಟ್‌ಗಳಿಗೆ ಬರೋ ರೋಗ. ಡಿಟಿಪಿಯವ್ರ ಹತ್ರ ಪಾಂಪ್ಲೆಟ್ ಮಾಡ್ಸಿದ್ದ ಫೈಲಿಂದ ಮ್ಯಾಟರ್ ಎತ್ತಿ ಸೈಟ್‌ಗೆ ಹಾಕಿರ್ತಾರೆ. ಅದು ಹಳೇ ನುಡಿ ಇಲ್ಲ ಬರಹ ಫಾಂಟಲ್ಲಿ ಟೈಪ್ ಆಗಿದ್ರೆ ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರ. ಹಳೇ ನುಡಿಯಲ್ಲಿ ಕನ್ನಡ ಅಂತ ಹೊಡೆದ್ರೆ ಒಳಗೆ ಕೂತಿರೋದು ಇಂಗ್ಲಿಷ್ ಪಿ, ತಲೆ ಮೇಲೆ ಗೆರೆ ಇರೋ ಎ, ಆಮೇಲೆ ಪೌಂಡ್ ಚಿಹ್ನೆ. ಗೂಗಲ್ ಓದೋದು ಆ ಪೌಂಡ್ ಚಿಹ್ನೆನೇ, ನಿಮ್ಮ ಕೊಬ್ಬರಿ ಎಣ್ಣೆನ ಅಲ್ಲ. ನಿಮ್ಮ ಪುಟದಿಂದ ಒಂದು ಸಾಲು ಕಾಪಿ ಮಾಡಿ ವಾಟ್ಸಾಪಲ್ಲಿ ಪೇಸ್ಟ್ ಮಾಡಿ ನೋಡಿ, ಕನ್ನಡನೇ ಬಂದ್ರೆ ಯೂನಿಕೋಡ್, ಅಂದ್ರೆ ಒಳಗೂ ಕನ್ನಡ ಅಕ್ಷರನೇ, ಸರಿ ಇದೆ. ಗಜಿಬಿಜಿ ಬಂದ್ರೆ ಕನ್ವರ್ಟ್ ಮಾಡ್ಬೇಕು, ಕನ್ವರ್ಟರ್‌ಗಳು ಫ್ರೀಯಾಗಿ ಸಿಗುತ್ವೆ, ಆದ್ರೆ ಒತ್ತಕ್ಷರ ಅಲ್ಲಲ್ಲಿ ಕೆಡುತ್ತೆ, ಕೂತು ತಿದ್ದಿ. ರೇಟ್ ಲಿಸ್ಟ್‌ನ ಪೋಸ್ಟರ್ ಥರ ಫೋಟೋ ಮಾಡಿ ಹಾಕಿದ್ರೂ ಇದೇ ಕಥೆ, ಅಕ್ಷರ ಅಕ್ಷರವಾಗೇ ಇರ್ಲಿ, ಬೇಕಾದ್ರೆ ಪೋಸ್ಟರ್‌ನೂ ಪಕ್ಕದಲ್ಲಿ ಹಾಕ್ಕೊಳ್ಳಿ.

ಈಗ ಬರವಣಿಗೆಗೆ ಬರೋಣ, ಕೆಲಸ ಇರೋದೇ ಇಲ್ಲಿ. ಎಲ್ಲಾ ಅಂಗಡಿ ಸೈಟಲ್ಲೂ ಒಂದೇ ಮಾತಿರುತ್ತೆ, ಗುಣಮಟ್ಟವೇ ನಮ್ಮ ಧ್ಯೇಯ, ಗ್ರಾಹಕರ ತೃಪ್ತಿಯೇ ನಮ್ಮ ಗುರಿ. ಅದನ್ನ ಯಾರ್ರೀ ಹುಡುಕ್ತಾರೆ? ನಮ್ಮಣ್ಣನ ಅಂಗಡಿಗೆ ರೈತರು ಫೋನ್ ಮಾಡಿ ಕೇಳೋದು ಐದು ಎಚ್‌ಪಿ ಮೋಟರ್ ಸುಟ್ಟೋಗಿದೆ ರಿವೈಂಡಿಂಗ್‌ಗೆ ಎಷ್ಟಾಗುತ್ತೆ, ಎಷ್ಟು ದಿನಕ್ಕೆ ಕೊಡ್ತೀರ, ಬೋರಿಂದ ಎತ್ತೋದೂ ನಿಮ್ದೇನಾ. ನಾನು ಮಾಡಿದ್ದು ಇಷ್ಟೇ, ಎಚ್‌ಪಿ ಪ್ರಕಾರ ಎಷ್ಟರಿಂದ ಎಷ್ಟರವರೆಗೆ ಆಗುತ್ತೆ ಅಂತ ಒಂದು ಟೇಬಲ್, ಯಾವಾಗ ಜಾಸ್ತಿ ಆಗುತ್ತೆ ಅಂತ ಎರಡು ಸಾಲು, ಸುಟ್ಟ ಕಾಯಿಲ್‌ದು ಒಂದು ಫೋಟೋ, ಕಟ್ಟಿದ್ಮೇಲೆ ಒಂದು ಫೋಟೋ. ಸೈಟಲ್ಲಿ ಈಗ ಜಾಸ್ತಿ ಜನ ಬರೋದು ಆ ಪುಟಕ್ಕೇ, ಹೋಮ್ ಪೇಜ್‌ಗೆ ಅಲ್ಲ. ರೇಟ್ ಹಾಕಿದ್ರೆ ಪಕ್ಕದ ಅಂಗಡಿಯವ್ರು ನೋಡ್ತಾರೆ ಅಂತ ಅಣ್ಣ ಮೊದಮೊದಲು ಒಪ್ಪಲಿಲ್ಲ, ಪಕ್ಕದ ಅಂಗಡಿಯವ್ರಿಗೆ ನಮ್ಮ ರೇಟ್ ಗೊತ್ತಿಲ್ದೇ ಇರೋದು ಯಾವಾಗ ಹೇಳಿ.

ನಿಮ್ಮದರಲ್ಲೂ ಹಾಗೇ. ಗಲ್ಲಾ ಪಕ್ಕ ಒಂದು ನೋಟ್‌ಬುಕ್ ಇಡಿ, ಫೋನಲ್ಲಿ ಕೌಂಟರಲ್ಲಿ ಕೇಳಿದ್ದನ್ನ ಅವರ ಮಾತಲ್ಲೇ ಬರ್ಕೊಳ್ಳಿ. ನಾವೇ ಕೊಬ್ಬರಿ ತಂದ್ರೆ ಎಣ್ಣೆ ಮಾಡ್ಕೊಡ್ತೀರಾ, ಹಿಂಡಿ ನಮಗೇ ಕೊಡ್ತೀರಾ, ಕಡ್ಲೆಕಾಯಿ ಎಣ್ಣೆ ಕರಿಯಕ್ಕೆ ಇಟ್ರೆ ಯಾಕೆ ನೊರೆ ಬರುತ್ತೆ, ತಳದಲ್ಲಿ ಮಡ್ಡಿ ಕೂತಿದೆ ಕೆಟ್ಟಿದೆಯಾ, ಬೆಂಗಳೂರಿಗೆ ಕೊರಿಯರ್ ಮಾಡ್ತೀರಾ. ಒಂದೊಂದು ಪ್ರಶ್ನೆ ಒಂದೊಂದು ಪುಟ ಆಗುತ್ತೆ, ಸಣ್ಣವು ನಾಲ್ಕೈದು ಸೇರಿ ಒಂದು ಪುಟ. ಡಿಸೆಂಬರ್ ಬಂದ್ರೆ ಕೊಬ್ಬರಿ ಎಣ್ಣೆ ಗಟ್ಟಿಯಾಗಿದೆ, ಏನು ಬೆರೆಸಿದೀರ ಅಂತ ಬೈದು ಫೋನ್ ಮಾಡೋರು ನಿಮಗೂ ಇರ್ತಾರೆ ಅಲ್ವಾ? ಆ ಪುಟ ನವೆಂಬರಲ್ಲೇ ರೆಡಿ ಇರ್ಲಿ. ಮೊದಲನೇ ಸಾಲಲ್ಲೇ ಉತ್ತರ, ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ತಣ್ಣಗಾದ್ರೆ ಹೆಪ್ಪುಗಟ್ಟುತ್ತೆ, ಅದು ಅದರ ಗುಣ, ಕೆಟ್ಟಿಲ್ಲ. ಆಮೇಲೆ ಬಾಟ್ಲಿನ ಬಿಸಿನೀರಲ್ಲಿ ಇಟ್ರೆ ಕರಗುತ್ತೆ ಅಂತ ಒಂದು ಸಾಲು, ನಿಮ್ಮ ಅಂಗಡೀದೇ ಅರ್ಧ ಗಟ್ಟಿ ಅರ್ಧ ನೀರಾಗಿರೋ ಬಾಟ್ಲಿ ಫೋಟೋ, ಕೆಳಗೆ ಎಣ್ಣೆ ಬೆಲೆ ಇರೋ ಪುಟಕ್ಕೆ ಲಿಂಕ್. ಪೀಠಿಕೆ ಬೇಡ. ತೆಂಗು ಕಲ್ಪವೃಕ್ಷ ಅಂತ ಶುರು ಮಾಡಿದ್ರೆ ಓದೋನು ವಾಪಸ್ ಹೋಗ್ತಾನೆ.

ಪದಗಳ ವಿಷಯ, ನಿಮ್ಮ ಕಡೆ ಕಡ್ಲೆಕಾಯಿ, ಹುಬ್ಬಳ್ಳಿ ಕಡೆಯವ್ರು ಶೇಂಗಾ ಅಂತ ಹುಡುಕ್ತಾರೆ, ಬೆಂಗಳೂರು ಅಪಾರ್ಟ್‌ಮೆಂಟ್‌ನವ್ರು ಇಂಗ್ಲಿಷಲ್ಲಿ ಕೋಲ್ಡ್ ಪ್ರೆಸ್ಡ್, ವುಡ್ ಪ್ರೆಸ್ಡ್ ಅಂತ ಹೊಡೀತಾರೆ. ಗೂಗಲ್ ಸರ್ಚಲ್ಲಿ ಅರ್ಧ ಟೈಪ್ ಮಾಡಿ ಕೆಳಗೆ ಏನು ಸೂಚಿಸುತ್ತೆ ನೋಡಿ, ಜನ ಹುಡುಕೋ ಪದ ತೋರ್ಸೋ ಕೀವರ್ಡ್ ಟೂಲ್‌ಗೆ ದುಡ್ಡು ಕೊಡ್ಬೇಕಾಗಿಲ್ಲ. ಕನ್ನಡಕ್ಕೆ ಒಂದು ಪುಟ ಇಂಗ್ಲಿಷ್‌ಗೆ ಬೇರೆ ಪುಟ ಮಾಡಿ, ಒಂದೇ ಪುಟದಲ್ಲಿ ಎರಡೂ ಕಲಸಬೇಡಿ. ಮತ್ತೆ ಒಂದೇ ಪುಟದಲ್ಲಿ ಇಪ್ಪತ್ತು ಸಲ ಮರದ ಗಾಣದ ಎಣ್ಣೆ ತಿಪಟೂರು ಅಂತ ತುರುಕೋದು ಬೇಡ, ಅದು ಸ್ಪ್ಯಾಮ್. ಮೆಟಾ ಕೀವರ್ಡ್ಸ್ ಅಂತ ಪದಗಳನ್ನ ತುಂಬೋ ಒಂದು ಜಾಗ ಇರುತ್ತೆ, ಅದನ್ನ ರ‍್ಯಾಂಕಿಂಗ್‌ಗೆ ನೋಡಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ, ಇವತ್ತಿಗೂ ಅದನ್ನ ತುಂಬಿ ಬಿಲ್ ಹಾಕೋರಿದಾರೆ. ಅದರ ಬದ್ಲು ಪ್ರತಿ ಪುಟದ ಟೈಟಲ್, ಅಂದ್ರೆ ಗೂಗಲ್ ಫಲಿತಾಂಶದಲ್ಲಿ ಕಾಣೋ ತಲೆಬರಹ ನೋಡಿ, ಬರೀ ಹೋಮ್ ಅಂತಿದ್ರೆ ಮರದ ಗಾಣದ ಕೊಬ್ಬರಿ ಎಣ್ಣೆ ಬೆಲೆ, 1 ಲೀ ಮತ್ತು 5 ಲೀ, ತಿಪಟೂರು ಅಂತ ಬದಲಾಯ್ಸಿ, ಕೊನೆಗೆ ಅಂಗಡಿ ಹೆಸರು. ಕೆಲವೊಮ್ಮೆ ಗೂಗಲ್ ತನಗೆ ಬೇಕಾದ ಹಾಗೆ ಟೈಟಲ್ ತಿದ್ದಿ ತೋರ್ಸುತ್ತೆ, ಪರವಾಗಿಲ್ಲ. ಲಿಂಕ್ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಇಟ್ಕೊಳ್ಳಿ, ಕನ್ನಡದಲ್ಲಿದ್ರೆ ಗೂಗಲ್‌ಗೆ ತೊಂದ್ರೆ ಇಲ್ಲ ಆದ್ರೆ ವಾಟ್ಸಾಪ್‌ಗೆ ಕಳ್ಸಿದಾಗ ಉದ್ದಕ್ಕೆ ಬರೀ ಪರ್ಸೆಂಟ್ ಚಿಹ್ನೆ ಬಂದು ಜನ ಒತ್ತಕ್ಕೆ ಹೆದರ್ತಾರೆ.

ಗಾಣದೆಣ್ಣೆ ತಿಂದ್ರೆ ಶುಗರ್ ಹೋಗುತ್ತೆ, ಹಾರ್ಟ್ ಬ್ಲಾಕ್ ಹೋಗುತ್ತೆ ಅಂತೆಲ್ಲ ದಯವಿಟ್ಟು ಬರೀಬೇಡಿ. ಸಕ್ಕರೆ ಕಾಯಿಲೆ ವಾಸಿ ಮಾಡ್ತೀವಿ ಅಂತ ಜಾಹೀರಾತು ಕೊಡೋದು 1954ರ ಮ್ಯಾಜಿಕ್ ರೆಮಿಡೀಸ್ ಕಾಯ್ದೆ ಪ್ರಕಾರ ಅಪರಾಧ, ಎಸ್‌ಇಒ ಆಮೇಲಿನ ಮಾತು. ತಿಂಗಳಿಗೆ 30 ಬ್ಲಾಗ್ ಕೊಡ್ತೀವಿ ಅನ್ನೋ ಏಜೆನ್ಸಿಗಳು ಎಐನಿಂದ ಬರೆಸೋದು ಇಂಥದ್ದನ್ನೇ, ಗಾಣದೆಣ್ಣೆಯ ಹತ್ತು ಲಾಭಗಳು, ಹದಿನೈದು ಲಾಭಗಳು. ರ‍್ಯಾಂಕ್‌ಗೋಸ್ಕರ ರಾಶಿ ರಾಶಿ ಪುಟ ಹುಟ್ಟಿಸೋದನ್ನ ಗೂಗಲ್ ಮಾರ್ಚ್ 2024ರಲ್ಲಿ ಸ್ಪ್ಯಾಮ್ ನಿಯಮದೊಳಗೆ ಸೇರಿಸಿದೆ, ಮನುಷ್ಯ ಬರೆದ್ನೋ ಮೆಷಿನ್ ಬರೀತೋ ಅನ್ನೋದು ಅಲ್ಲಿ ಲೆಕ್ಕಕ್ಕಿಲ್ಲ. ದುಡ್ಡು ಕೊಟ್ಟು ಐನೂರು ಬ್ಯಾಕ್‌ಲಿಂಕ್, ಅಂದ್ರೆ ಬೇರೆ ಸೈಟ್‌ಗಳಿಂದ ನಮ್ಮ ಸೈಟ್‌ಗೆ ಲಿಂಕ್ ಹಾಕ್ಸೋದೂ ಬೇಡ, 2012ರಲ್ಲಿ ಗೂಗಲ್‌ನ ಪೆಂಗ್ವಿನ್ ಅಪ್‌ಡೇಟ್ ಬಂದಾಗ ಹೊಡೆತ ತಿಂದಿದ್ದು ಅಂಥ ಸೈಟ್‌ಗಳೇ. ನಿಮ್ಮೆಣ್ಣೆ ಮಾರೋ ಬೆಂಗಳೂರಿನ ಅಂಗಡಿಗೆ ಸೈಟ್ ಇದ್ರೆ ಅವ್ರ ಪುಟದಲ್ಲಿ ನಿಮ್ಮ ಲಿಂಕ್ ಹಾಕಕ್ಕೆ ಹೇಳಿ, ಅಂಥವು ಒಂದೆರಡೇ ಸಾಕು.

ಇನ್ನು ಗೂಗಲ್ ಬಿಸಿನೆಸ್ ಪ್ರೊಫೈಲ್, ಮೊದಲು ಮೈ ಬಿಸಿನೆಸ್ ಅಂತಿದ್ದಿದ್ದು, ಗೂಗಲ್ ಮ್ಯಾಪಲ್ಲಿ ಅಂಗಡಿ ವಿವರ ತೋರ್ಸೋದು. ತಿಪಟೂರು ಸುತ್ತಮುತ್ತಲಿನ ಗಿರಾಕಿ ಬೇಕು ಅಂದ್ರೆ ಸೈಟ್‌ಗಿಂತ ಮೊದಲು ಇದನ್ನೇ ಮಾಡಿ. ಮ್ಯಾಪಲ್ಲಿ ಯಾರು ಮೇಲೆ ಬರ್ತಾರೆ ಅನ್ನೋದಕ್ಕೆ ಗೂಗಲ್ ಹೇಳೋದು ಮೂರು, ಹುಡುಕಿದ್ದಕ್ಕೂ ನಿಮಗೂ ಸಂಬಂಧ ಎಷ್ಟು, ದೂರ ಎಷ್ಟು, ನಿಮ್ಮ ಹೆಸರು ಎಷ್ಟು ಜನಕ್ಕೆ ಗೊತ್ತು. ದೂರಕ್ಕೆ ಮದ್ದಿಲ್ಲ, ತಿಪಟೂರಲ್ಲಿ ಕೂತು ಜಯನಗರದ ಮ್ಯಾಪಲ್ಲಿ ಬರಕ್ಕಾಗಲ್ಲ, ಅದಕ್ಕೆ ಅಂತ ಬೆಂಗಳೂರಲ್ಲಿರೋ ನೆಂಟರ ಮನೆ ವಿಳಾಸ ಕೊಟ್ರೆ ಪ್ರೊಫೈಲೇ ಸಸ್ಪೆಂಡ್ ಆಗಬಹುದು. ಬೆಂಗಳೂರಿನ ಕೊರಿಯರ್ ಗಿರಾಕಿನ ತರೋದು ಸೈಟಿನ ಪುಟಗಳು, ಊರಿನ ಗಿರಾಕಿನ ತರೋದು ಮ್ಯಾಪ್. ಬೋರ್ಡಲ್ಲಿ ಏನು ಹೆಸರಿದೆಯೋ ಅದನ್ನೇ ಹಾಕಿ, ಹೆಸರಿನ ಮುಂದೆ ಬೆಸ್ಟ್ ಕೋಲ್ಡ್ ಪ್ರೆಸ್ಡ್ ಆಯಿಲ್ ಅಂತ ಬಾಲ ಕಟ್ಟೋದು ನಿಯಮಕ್ಕೆ ವಿರುದ್ಧ. ಹಬ್ಬದ ದಿನ ಬಾಗಿಲು ಹಾಕೋದಿದ್ರೆ ಟೈಮಿಂಗ್ ಬದಲಾಯ್ಸಿ, ಹದಿನೈದು ಕಿಲೋಮೀಟರ್ ಬಂದು ಬೀಗ ನೋಡಿದೋನು ಒಂದು ಸ್ಟಾರ್ ಕೊಟ್ಟೇ ಹೋಗ್ತಾನೆ. ರಿವ್ಯೂ ಕೇಳೋದು ತಪ್ಪಲ್ಲ, ಪ್ರೊಫೈಲಲ್ಲೇ ಅದಕ್ಕೆ ಲಿಂಕ್, ಕ್ಯೂಆರ್ ಎರಡೂ ಸಿಗುತ್ತೆ, ಪ್ರಿಂಟ್ ಮಾಡಿ ಗಲ್ಲಾ ಹತ್ರ ಅಂಟ್ಸಿ. ಆದ್ರೆ ರಿವ್ಯೂ ಕೊಟ್ರೆ ಕಾಲು ಲೀಟರ್ ಫ್ರೀ ಅಂತ ಆಸೆ ತೋರ್ಸೋ ಹಾಗಿಲ್ಲ. ಬೈದು ಬರ್ದಿರೋರಿಗೂ ಸಮಾಧಾನವಾಗಿ ಉತ್ತರ ಕೊಡಿ, ಮಿಕ್ಕವ್ರು ಓದೋದು ಅದನ್ನೇ.

ಸ್ಪೀಡ್ ಬಗ್ಗೆ ತಲೆ ಜಾಸ್ತಿ ಕೆಡಿಸ್ಕೋಬೇಡಿ. ಮೊಬೈಲಲ್ಲಿ ತೆಗೆದ ಐದೈದು ಎಂಬಿ ಫೋಟೋ ನೇರ ಹಾಕದೆ ಚಿಕ್ಕದು ಮಾಡಿ ಹಾಕಿ, ಮುಖ್ಯ ಭಾಗ ಎರಡೂವರೆ ಸೆಕೆಂಡ್ ಒಳಗೆ ಕಾಣ್ಬೇಕು ಅನ್ನೋದು ಗೂಗಲ್ ಅಳತೆ. ಹೋಮ್ ಪೇಜಲ್ಲಿ ಜಾರೋ ಸ್ಲೈಡರ್ ಇದ್ರೆ ಕಿತ್ತಾಕಿ, ಯಾರೂ ನೋಡಲ್ಲ. ಸೈಟ್‌ನ ನಿಮ್ಮ ಫೋನಲ್ಲೇ ತೆಗೆದು ನೋಡಿ, ಗೂಗಲ್ ಓದೋದೂ ಈಗ ಮೊಬೈಲ್ ರೂಪನೇ.

ಎರಡು ಮೂರು ತಿಂಗಳಾದ್ಮೇಲೆ ಸರ್ಚ್ ಕನ್ಸೋಲ್‌ನ ಪರ್ಫಾರ್ಮೆನ್ಸ್ ತೆಗೀರಿ, 16 ತಿಂಗಳ ತನಕದ ಲೆಕ್ಕ ಅಲ್ಲಿ ಉಳಿಯುತ್ತೆ. ಯಾವ ಪದಕ್ಕೆ ಇಂಪ್ರೆಷನ್, ಅಂದ್ರೆ ಹುಡುಕಾಟದಲ್ಲಿ ಕಂಡ ಲೆಕ್ಕ ಜಾಸ್ತಿ ಇದ್ದು ಕ್ಲಿಕ್ ಕಮ್ಮಿ ಇದೆ ನೋಡಿ, ಮೊದಲ ಪುಟದಲ್ಲೇ ಇದ್ರೂ ಒತ್ತುತ್ತಿಲ್ಲ ಅಂದ್ರೆ ಟೈಟಲ್ ತಿದ್ದಿ. ನೀವು ಯೋಚ್ನೆನೇ ಮಾಡಿರದ ಪ್ರಶ್ನೆ ಅಲ್ಲಿ ಕಂಡ್ರೆ ಅದಕ್ಕೊಂದು ಪುಟ ಬರೀರಿ. ದಿನಾ ತೆಗೆದು ನೋಡೋ ಚಟ ಮಾತ್ರ ಬೇಡ, ನಂಬರ್ ಒಂದಿನ ಏರುತ್ತೆ ಒಂದಿನ ಇಳಿಯುತ್ತೆ, ತಿಂಗಳಿಗೊಂದ್ಸಲ ಸಾಕು.

ಏಜೆನ್ಸಿ ಬೇಡವೇ ಬೇಡ ಅಂತಿಲ್ಲ. ಸೈಟ್ ಹ್ಯಾಕ್ ಆಯ್ತು, ಹಳೇ ಡೊಮೈನಿಂದ ಹೊಸದಕ್ಕೆ ಹೋಗ್ಬೇಕು ಅಂಥ ಕೆಲಸ ಬಂದ್ರೆ ಗೊತ್ತಿರೋರಿಗೆ ಒಂದ್ಸಲದ ದುಡ್ಡು ಕೊಟ್ಟು ಮಾಡ್ಸಿ, ತಿಂಗಳ ಕಂತು ಬೇಡ. ಕೊಡೋ ಮುಂಚೆ ಡೊಮೈನ್, ಹೋಸ್ಟಿಂಗ್ (ಸೈಟ್ ಇಟ್ಟಿರೋ ಸರ್ವರ್ ಜಾಗ), ಬಿಸಿನೆಸ್ ಪ್ರೊಫೈಲ್ ಮೂರೂ ನಿಮ್ಮ ಇಮೇಲಲ್ಲೇ ಇದ್ಯಾ ನೋಡ್ಕೊಳ್ಳಿ, ಏಜೆನ್ಸಿಯವ್ರ ಹೆಸರಲ್ಲಿ ಡೊಮೈನ್ ಇದ್ದು ಜಗಳ ಆದ್ಮೇಲೆ ಬಿಡಿಸ್ಕೊಳ್ಳಕ್ಕೆ ಒದ್ದಾಡಿದವ್ರನ್ನ ನೋಡಿದೀನಿ. ಸರ್ಚ್ ಕನ್ಸೋಲಲ್ಲೂ ಓನರ್ ನೀವೇ ಇರಿ, ಅವ್ರನ್ನ ಬರೀ ಯೂಸರ್ ಅಂತ ಸೇರ್ಸಿ, ಕೆಲಸ ಮುಗಿದ ದಿನವೇ ತೆಗೀರಿ. ಅಣ್ಣನ ಮಗನ ಇಮೇಲಲ್ಲಿ ಡೊಮೈನ್ ಇದ್ರೆ ಅದನ್ನೂ ಈಗ್ಲೇ ನಿಮ್ಮ ಹೆಸರಿಗೆ ಮಾಡ್ಸಿಬಿಡಿ, ಅವನು ನಾಳೆ ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದ್ರೆ ಓಟಿಪಿಗೋಸ್ಕರ ಅವನ ಹಿಂದೆ ಅಲೀಬೇಕಾಗುತ್ತೆ.